ತೊಳೆದು ಬಳಸೋಣವೆ? ಬಳಸಿ ಬಿಸಾಡೋಣವೆ?

ನಿಮ್ಮ ಶಾಲೆಗೆ ಆರೋಗ್ಯ ಕಾರ್ಯಕರ್ತೆಯರು ಬಂದು ಚುಚ್ಚುಮದ್ದು ಹಾಕುವುದನ್ನು ನೋಡಿರುತ್ತೀರಿ. ಹತ್ತು ವರ್ಷ ತುಂಬಿದ ಮಕ್ಕಳಿಗೆ ಧನುರ್ವಾಯು ಮತ್ತು ಗಂಟಲಮಾರಿ ರೋಗಗಳು ಬಾರದಂತೆ ‘ಟಿಡಿ’ ಲಸಿಕೆ ಹಾಕುತ್ತಾರೆ. ಆಗ ಅವರು ಏನು ಮಾಡುತ್ತಾರೆ? ಪ್ರತಿ ಮಗುವಿಗೂ ಹೊಸ ಪೊಟ್ಟಣ ಹರಿದು ಹೊಸ ಸಿರಿಂಜನ್ನು ತೆಗೆಯುತ್ತಾರೆ. ಒಂದು ಸಲ ಚುಚ್ಚಿದ ಮೇಲೆ ಅದನ್ನು ಬಿಸಾಡುತ್ತಾರೆ. ನಲವತ್ತು ಮಕ್ಕಳಿದ್ದರೆ ನಲವತ್ತು ಸಿರಿಂಜು!

ಆದರೆ ಅದೇ ಊರಿನ ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕುವ ಡಾಕ್ಟರರು ಬಳಸುವ ಕತ್ತರಿ, ಚಿಮಟಗಳು ಇಂದು ಹೊಸದಾಗಿ ಬಂದವಲ್ಲ. ನಿನ್ನೆ ಇನ್ನೊಬ್ಬರಿಗೆ ಬಳಸಿದ್ದು, ನಾಳೆ ಮತ್ತೊಬ್ಬರಿಗೆ ಬಳಸುವಂಥವು. ಅವನ್ನು ಯಾರೂ ಬಿಸಾಡುವುದಿಲ್ಲ.

ಇದೇನು ವಿಚಿತ್ರ? ಎರಡಕ್ಕೂ ರಕ್ತ ತಾಗುತ್ತದೆ. ಒಂದನ್ನು ಬಿಸಾಡುತ್ತಾರೆ, ಇನ್ನೊಂದನ್ನು ತೊಳೆದು ಇಡುತ್ತಾರೆ. ಹೀಗೇಕೆ? ಎಲ್ಲವನ್ನೂ ಬಿಸಾಡಿದರೆ ಹೆಚ್ಚು ಸುರಕ್ಷಿತವಲ್ಲವೆ? ಅಥವಾ ಎಲ್ಲವನ್ನೂ ತೊಳೆದು ಬಳಸಿದರೆ ಹಣ ಉಳಿಯುವುದಿಲ್ಲವೆ? ಬನ್ನಿ, ಈ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಹುಡುಕೋಣ.

ಕಣ್ಣಿಗೆ ಕಾಣದ ಕೊಳೆ

ನೂರೆಪ್ಪತ್ತು ವರ್ಷಗಳ ಹಿಂದೆ ಶಸ್ತ್ರಕ್ರಿಯೆ ಎಂದರೆ ಜನ ನಡುಗುತ್ತಿದ್ದರು. ಶಸ್ತ್ರಕ್ರಿಯೆ ಚೆನ್ನಾಗಿಯೇ ಆಗುತ್ತಿತ್ತು. ಆದರೆ ನಾಲ್ಕಾರು ದಿನಗಳಲ್ಲಿ ಗಾಯ ಕೀವುಗಟ್ಟಿ ರೋಗಿ ಸಾಯುತ್ತಿದ್ದ. ಏಕೆಂದು ಯಾರಿಗೂ ತಿಳಿದಿರಲಿಲ್ಲ. ಡಾಕ್ಟರರು ಒಬ್ಬ ರೋಗಿಗೆ ಬಳಸಿದ ಚಾಕುವನ್ನು ಬಟ್ಟೆಯಿಂದ ಒರೆಸಿ ಇನ್ನೊಬ್ಬನಿಗೆ ಬಳಸುತ್ತಿದ್ದರು. ಚಾಕುಗಳಿಗೆ ಮರದ, ದಂತದ ಅಂದವಾದ ಹಿಡಿಗಳಿರುತ್ತಿದ್ದವು. ಆ ಹಿಡಿಗಳ ಸಂದಿಗಳಲ್ಲಿ ಒಣಗಿದ ರಕ್ತ ಉಳಿಯುತ್ತಿತ್ತು.

ಫ್ರಾನ್ಸಿನ ಲೂಯಿ ಪಾಸ್ಚರ್ ಆಹಾರ ಪದಾರ್ಥಗಳು ಕೆಡಲು ಸೂಕ್ಷ್ಮಜೀವಿಗಳು ಕಾರಣ ಎಂದು ತೋರಿಸಿದರು. ಇದನ್ನು ಓದಿದ ಜೋಸೆಫ್ ಲಿಸ್ಟರ್ ಎಂಬ ಬ್ರಿಟನ್ನಿನ ಶಸ್ತ್ರವೈದ್ಯರಿಗೆ, ಗಾಯ ಕೀವುಗಟ್ಟುವುದಕ್ಕೂ ಇವೇ ಕಾರಣವಿರಬಹುದಲ್ಲ ಎನ್ನಿಸಿತು. 1865ರ ಆಗಸ್ಟ್ ತಿಂಗಳಲ್ಲಿ ಗ್ಲಾಸ್ಗೋ ನಗರದ ಆಸ್ಪತ್ರೆಗೆ 11 ವರ್ಷದ ಬಾಲಕನೊಬ್ಬನನ್ನು ತಂದರು. ಗಾಡಿಯ ಚಕ್ರ ಹರಿದು ಅವನ ಕಾಲಿನ ಮೂಳೆ ಮುರಿದಿತ್ತು, ಚರ್ಮವೂ ಸೀಳಿತ್ತು. ಅಂದಿನ ದಿನಗಳಲ್ಲಿ ಇಂಥ ಗಾಯವಾದರೆ ಕಾಲನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಲಿಸ್ಟರ್ ಕಾಲು ಕತ್ತರಿಸಲಿಲ್ಲ. ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಕಟ್ಟಿದರು. ಗಾಯ ಕೀವುಗಟ್ಟಲಿಲ್ಲ. ಸುಮಾರು ಆರು ವಾರಗಳಲ್ಲಿ ಮೂಳೆ ಕೂಡಿಕೊಂಡಿತು. ಹುಡುಗ ತನ್ನ ಎರಡೂ ಕಾಲುಗಳ ಮೇಲೆ ನಡೆದು ಮನೆಗೆ ಹೋದ.

ಅಲ್ಲಿಂದ ಶಸ್ತ್ರಕ್ರಿಯೆಯ ರೀತಿಯೇ ಬದಲಾಯಿತು. ಗಾಯವನ್ನು ಮಾತ್ರವಲ್ಲ, ಗಾಯವನ್ನು ಮುಟ್ಟುವ ಪ್ರತಿಯೊಂದು ಉಪಕರಣವನ್ನೂ ರೋಗಾಣುರಹಿತವಾಗಿಸಬೇಕು ಎಂದು ಎಲ್ಲರಿಗೂ ಅರಿವಾಯಿತು. ಮರದ, ದಂತದ ಹಿಡಿಗಳು ಮೂಲೆ ಸೇರಿದವು. ಕುದಿಸಬಹುದಾದ, ಪೂರ್ತಿ ಲೋಹದ ಉಪಕರಣಗಳು ಬಂದವು. ತುಕ್ಕು ಹಿಡಿಯದ ಉಕ್ಕು, ಅಂದರೆ ನಮ್ಮ ಅಡುಗೆಮನೆಯ ‘ಸ್ಟೀಲ್’, ಬಂದ ಮೇಲಂತೂ ಅವು ಎಷ್ಟು ಸಲ ಬಿಸಿನೀರು ಕಂಡರೂ ಹಾಳಾಗದಂತಾದವು.

ಕುದಿಸಿದರೆ ಸಾಲದೆ?

ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಹಾಗಾದರೆ ಕತ್ತರಿಯನ್ನು ಕುದಿಯುವ ನೀರಿಗೆ ಹಾಕಿ ತೆಗೆದರೆ ಆಯಿತಲ್ಲವೆ?

ಆಗುವುದಿಲ್ಲ. ಕೆಲವು ಬ್ಯಾಕ್ಟೀರಿಯಗಳು ಬಲು ಗಟ್ಟಿ. ಕಷ್ಟಕಾಲ ಬಂದಾಗ ಅವು ತಮ್ಮ ಸುತ್ತ ದಪ್ಪ ಕವಚ ಕಟ್ಟಿಕೊಂಡು ಬೀಜದಂತೆ ನಿದ್ರೆಗೆ ಜಾರುತ್ತವೆ. ಇವನ್ನು ಬೀಜಾಣುಗಳು ಎನ್ನುತ್ತಾರೆ. ಧನುರ್ವಾಯು ತರುವ ಬ್ಯಾಕ್ಟೀರಿಯವೂ ಇಂಥ ಬೀಜಾಣುವಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ನೀರಿನಲ್ಲಿಯೂ ಇಂಥ ಬೀಜಾಣುಗಳು ಉಳಿದುಬಿಡಬಹುದು.

ತೆರೆದ ಪಾತ್ರೆಯಲ್ಲಿ ಎಷ್ಟೇ ಉರಿ ಹಾಕಿದರೂ ನೀರಿನ ಬಿಸಿ 100 ಡಿಗ್ರಿ ದಾಟುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ ಅಷ್ಟೆ. ಹಾಗಾದರೆ ಬಿಸಿಯನ್ನು ಹೆಚ್ಚಿಸುವುದು ಹೇಗೆ? ಉತ್ತರ ನಿಮ್ಮ ಅಡುಗೆಮನೆಯಲ್ಲಿಯೇ ಇದೆ. ಕುಕ್ಕರ್! ಮುಚ್ಚಳ ಬಿಗಿದು ಆವಿಯನ್ನು ಒಳಗೇ ಹಿಡಿದಿಟ್ಟರೆ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದರೆ ಕುದಿಬಿಂದುವೂ ಮೇಲೇರುತ್ತದೆ. ಆವಿಯನ್ನು ಹೀಗೆ ಬಂಧಿಸಿ ಅಡುಗೆ ಮಾಡುವ ಪಾತ್ರೆಯನ್ನು 1679ರಲ್ಲಿ ಡೆನಿಸ್ ಪಾಪಿನ್ ಎಂಬ ವಿಜ್ಞಾನಿ ತಯಾರಿಸಿದ್ದರು. ಸರಿಯಾಗಿ ಇನ್ನೂರು ವರ್ಷಗಳ ಅನಂತರ, 1879ರಲ್ಲಿ, ಪಾಸ್ಚರ್ ಅವರ ಜೊತೆಗಾರ ಚಾರ್ಲ್ಸ್ ಚೇಂಬರ್ಲೆಂಡ್ ಅದೇ ತತ್ತ್ವದ ಮೇಲೆ ರೋಗಾಣುಗಳನ್ನು ಕೊಲ್ಲುವ ಪಾತ್ರೆಯೊಂದನ್ನು ರೂಪಿಸಿದರು. ಅದೇ ‘ಆಟೋಕ್ಲೇವ್’. ಇಂದು ಎಲ್ಲ ಆಸ್ಪತ್ರೆಗಳಲ್ಲಿಯೂ ಇದೆ.

ಆಟೋಕ್ಲೇವ್‌ನಲ್ಲಿ ಆವಿಯ ಬಿಸಿ 121 ಡಿಗ್ರಿಗೆ ಏರುತ್ತದೆ. ಆ ಬಿಸಿಯಲ್ಲಿ 15ರಿಂದ 20 ನಿಮಿಷ ಇಟ್ಟರೆ ಬೀಜಾಣುಗಳೂ ಸಾಯುತ್ತವೆ. 134 ಡಿಗ್ರಿಗೆ ಏರಿಸಿದರೆ ಮೂರು ನಾಲ್ಕು ನಿಮಿಷವೇ ಸಾಕು.

ಇಲ್ಲೊಂದು ಸೂಕ್ಷ್ಮವಿದೆ. ಅಮ್ಮ ಕುಕ್ಕರ್ ಮುಚ್ಚಿದ ಕೂಡಲೇ ಮೇಲಿನ ತೂಕವನ್ನು ಇಡುವುದಿಲ್ಲ. ಬುಸ್ಸೆಂದು ಆವಿ ಬಂದ ಮೇಲೆ ಇಡುತ್ತಾರೆ, ಗಮನಿಸಿದ್ದೀರಾ? ಒಳಗಿನ ಗಾಳಿ ಹೊರಗೆ ಹೋಗಲಿ ಎಂದು. ಗಾಳಿ ಉಳಿದರೆ ಆ ಜಾಗಕ್ಕೆ ಆವಿ ನುಗ್ಗುವುದಿಲ್ಲ. ಆಟೋಕ್ಲೇವ್‌ನಲ್ಲಿಯೂ ಹಾಗೆಯೇ. ಗಾಳಿ ಪೂರ್ತಿ ಹೊರಹೋಗದಿದ್ದರೆ, ಗಾಳಿ ನಿಂತ ಮೂಲೆಯಲ್ಲಿರುವ ಉಪಕರಣಕ್ಕೆ ಸಾಕಷ್ಟು ಬಿಸಿ ತಾಗುವುದಿಲ್ಲ.

ಕತ್ತರಿಯ ಪಯಣ

ಶಸ್ತ್ರಕ್ರಿಯೆ ಮುಗಿದ ಮೇಲೆ ಒಂದು ಸ್ಟೀಲ್ ಕತ್ತರಿ ಎಲ್ಲಿಗೆ ಹೋಗುತ್ತದೆ? ಅದರ ಹಿಂದೆಯೇ ಹೋಗಿ ನೋಡೋಣ.

ಮೊದಲು ತೊಳೆಯುವ ಕೋಣೆ. ದಪ್ಪ ಕೈಗವಸು ತೊಟ್ಟ ಸಿಬ್ಬಂದಿ ಅದನ್ನು ಸೋಪಿನ ನೀರಿನಲ್ಲಿ ನೆನೆಸಿ, ಕತ್ತರಿಯ ಬಾಯಿ ತೆರೆದು, ಕೀಲಿನ ಸಂದಿಗೆ ಬ್ರಶ್ ಹಾಕಿ ಉಜ್ಜುತ್ತಾರೆ. ಇದು ತುಂಬ ಮುಖ್ಯ. ರಕ್ತ ಒಣಗಿ ಅಂಟಿದ್ದರೆ ಅದರ ಅಡಿಯಲ್ಲಿರುವ ರೋಗಾಣುವಿಗೆ ಆವಿ ತಲುಪುವುದಿಲ್ಲ. ಆದ್ದರಿಂದ ಕೊಳೆ ಹೋಗದೆ ರೋಗಾಣು ಹೋಗದು.

ಅನಂತರ ಚೆನ್ನಾಗಿ ತೊಳೆದು ಒಣಗಿಸುತ್ತಾರೆ. ಅಲಗು ಮೊಂಡಾಗಿದೆಯೆ, ಕೀಲು ಸಡಿಲವಾಗಿದೆಯೆ, ಎಲ್ಲಾದರೂ ಕಲೆ ಉಳಿದಿದೆಯೆ ಎಂದು ನೋಡುತ್ತಾರೆ. ಬಟ್ಟೆಯಲ್ಲೋ ವಿಶೇಷ ಕಾಗದದಲ್ಲೋ ಸುತ್ತುತ್ತಾರೆ. ಸುತ್ತಿದ ಗಂಟಿನ ಮೇಲೆ ಒಂದು ಪಟ್ಟಿ ಅಂಟಿಸುತ್ತಾರೆ. ಆ ಪಟ್ಟಿಯ ಮೇಲಿನ ತಿಳಿ ಗೆರೆಗಳು ಆವಿಯ ಬಿಸಿ ತಾಗಿದರೆ ಕಪ್ಪಾಗುತ್ತವೆ. ಕಪ್ಪಾಗದಿದ್ದರೆ ಆ ಗಂಟು ಆಟೋಕ್ಲೇವ್‌ನಲ್ಲಿ ಬಿಸಿ ಕಂಡಿಲ್ಲ ಎಂದರ್ಥ.

ಆದರೆ ಗೆರೆ ಕಪ್ಪಾದ ಮಾತ್ರಕ್ಕೆ ರೋಗಾಣು ಸತ್ತಿದೆ ಎನ್ನುವಂತಿಲ್ಲ. ಅದಕ್ಕೆ ಇನ್ನೊಂದು ಪರೀಕ್ಷೆ ಇದೆ. ರೋಗ ತಾರದ, ಆದರೆ ಬಿಸಿಗೆ ಸುಲಭವಾಗಿ ಜಗ್ಗದ ಒಂದು ಜಾತಿಯ ಬೀಜಾಣುಗಳನ್ನು ಪುಟ್ಟ ಸೀಸೆಯಲ್ಲಿಟ್ಟು ಉಪಕರಣಗಳ ಜೊತೆಗೇ ಆಟೋಕ್ಲೇವ್‌ಗೆ ಹಾಕುತ್ತಾರೆ. ಆಮೇಲೆ ಅವನ್ನು ಬೆಳೆಸಲು ಪ್ರಯತ್ನಿಸುತ್ತಾರೆ. ಒಂದೂ ಬೆಳೆಯದಿದ್ದರೆ ಯಂತ್ರ ಸರಿಯಾಗಿದೆ. ಬೆಳೆದರೆ ಯಂತ್ರ ರಿಪೇರಿಗೆ!

ನೋಡಿದಿರಾ, ಒಂದು ಕತ್ತರಿಯನ್ನು ಮತ್ತೆ ಬಳಸುವುದು ಎಷ್ಟು ಜನರ ಎಚ್ಚರದ ಕೆಲಸ!

ಸೂಜಿಯ ಕಥೆ ಬೇರೆ

ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ. ಅವರ ಕಾಲದಲ್ಲಿ ಗಾಜಿನ ಸಿರಿಂಜುಗಳಿದ್ದವು. ಸ್ಟೀಲಿನ ಡಬ್ಬಿಯಲ್ಲಿ ನೀರು ಹಾಕಿ, ಸ್ಟೌ ಮೇಲಿಟ್ಟು, ಸಿರಿಂಜು ಸೂಜಿಗಳನ್ನು ಕುದಿಸಿ ಮತ್ತೆ ಮತ್ತೆ ಬಳಸುತ್ತಿದ್ದರು. ಈಗ ಏಕೆ ಹಾಗೆ ಮಾಡುವುದಿಲ್ಲ?

ಕತ್ತರಿಯ ಎಲ್ಲ ಭಾಗವನ್ನೂ ಕಣ್ಣಿನಿಂದ ನೋಡಬಹುದು, ಬ್ರಶ್ಶಿನಿಂದ ಉಜ್ಜಬಹುದು. ಸೂಜಿ ಹಾಗಲ್ಲ. ಅದೊಂದು ಕೊಳವೆ. ಒಳಗಿನ ರಂಧ್ರ ಅರ್ಧ ಮಿಲಿಮೀಟರಿಗಿಂತಲೂ ಕಿರಿದು. ಅಲ್ಲಿ ಒಣಗಿದ ರಕ್ತವನ್ನು ಯಾವ ಬ್ರಶ್ಶೂ ತಲುಪದು. ಕಾಮಾಲೆ ತರುವ ಹೆಪಟೈಟಿಸ್ ‘ಬಿ’ ವೈರಸ್ಸಿಗೆ ಅಷ್ಟು ಜಾಗ ಬಹಳವಾಯಿತು. ಆ ವೈರಸ್ಸಿನ ಅಗಲ ಸುಮಾರು 42 ನ್ಯಾನೋಮೀಟರ್. ಇಂಥ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ವೈರಸ್ಸುಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆಗುತ್ತದೆ. ಒಣಗಿದ ರಕ್ತದಲ್ಲಿ ಅದು ಒಂದು ವಾರದವರೆಗೂ ರೋಗ ಹರಡುವ ಶಕ್ತಿ ಉಳಿಸಿಕೊಂಡಿರಬಲ್ಲದು.

ಸೂಜಿಯನ್ನು ಸರಿಯಾಗಿ ಶುದ್ಧಮಾಡದಿದ್ದರೆ ಏನಾಗಬಹುದು ಎಂಬುದನ್ನು ಈಜಿಪ್ಟ್ ದೇಶ ಕಂಡಿದೆ. ನೈಲ್ ನದಿಯ ಕಾಲುವೆಗಳಲ್ಲಿ ಇಳಿದವರಿಗೆ ‘ಬಿಲ್ಹಾರ್ಜಿಯ’ ಎಂಬ ಹುಳುವಿನ ರೋಗ ತಗಲುತ್ತಿತ್ತು. 1960ರ ದಶಕದಿಂದ 1980ರ ದಶಕದ ಆರಂಭದವರೆಗೆ ಸರ್ಕಾರ ಹಳ್ಳಿ ಹಳ್ಳಿಗಳಲ್ಲಿ ಜನರಿಗೆ ಚುಚ್ಚುಮದ್ದು ಹಾಕಿಸಿತು. ಒಬ್ಬೊಬ್ಬರಿಗೂ ಹಲವು ಸಲ ಚುಚ್ಚಬೇಕಿತ್ತು. ಸಿರಿಂಜುಗಳು ಗಾಜಿನವು, ಸರದಿಯಲ್ಲಿ ನಿಂತ ಜನ ಬಹಳ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಸಿರಿಂಜನ್ನು ಸಾಕಷ್ಟು ಹೊತ್ತು ಕುದಿಸಲಾಗಲಿಲ್ಲ. ಒಳ್ಳೆಯದನ್ನೇ ಮಾಡಲು ಹೊರಟಿದ್ದರು. ಆದರೆ ಸೂಜಿಯ ಮೂಲಕ ಹೆಪಟೈಟಿಸ್ ‘ಸಿ’ ಎಂಬ ಇನ್ನೊಂದು ವೈರಸ್ ಲಕ್ಷಾಂತರ ಜನರಿಗೆ ಹರಡಿತು. ಆ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದೇ 1989ರಲ್ಲಿ! ಅಷ್ಟರಲ್ಲಿ ಈಜಿಪ್ಟ್ ಆ ರೋಗ ಅತಿ ಹೆಚ್ಚಾಗಿರುವ ದೇಶಗಳಲ್ಲಿ ಒಂದಾಗಿತ್ತು. ಮುಂದೆ ಅಲ್ಲಿನ ಸರ್ಕಾರ ಕೋಟಿಗಟ್ಟಲೆ ಜನರ ರಕ್ತ ಪರೀಕ್ಷೆ ಮಾಡಿಸಿ ಔಷಧ ಕೊಡಿಸಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಸಾಧನೆಯನ್ನು ಮೆಚ್ಚಿ ಮಾನ್ಯತೆ ನೀಡಿತು.

ಇಡೀ ಜಗತ್ತಿನ ಲೆಕ್ಕ ನೋಡಿದರೆ ಇನ್ನೂ ಗಾಬರಿಯಾಗುತ್ತದೆ. 2000ನೆಯ ಇಸವಿ ಒಂದರಲ್ಲಿಯೇ ಅಸುರಕ್ಷಿತ ಚುಚ್ಚುಮದ್ದುಗಳಿಂದ ಸುಮಾರು 2 ಕೋಟಿ 10 ಲಕ್ಷ ಜನರಿಗೆ ಹೆಪಟೈಟಿಸ್ ಬಿ, 20 ಲಕ್ಷ ಜನರಿಗೆ ಹೆಪಟೈಟಿಸ್ ಸಿ, 2 ಲಕ್ಷ 60 ಸಾವಿರ ಜನರಿಗೆ ಎಚ್‌ಐವಿ ಸೋಂಕು ತಗಲಿತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು.

ಬಿಸಾಡುವ ಸಿರಿಂಜನ್ನು ಬಿಸಾಡದಿದ್ದರೆ?

ಅಗ್ಗದ ಪ್ಲಾಸ್ಟಿಕ್ ಸಿರಿಂಜು ಬಂದಾಗ ಸಮಸ್ಯೆ ತೀರಿತೆಂದು ಎಲ್ಲರೂ ಅಂದುಕೊಂಡರು. ಆದರೆ ತೀರಲಿಲ್ಲ. ಏಕೆಂದರೆ ‘ಒಂದೇ ಸಲ ಬಳಸಿ’ ಎಂದು ಪೊಟ್ಟಣದ ಮೇಲೆ ಬರೆದಿದ್ದರೂ ಕೆಲವರು ಮತ್ತೆ ಮತ್ತೆ ಬಳಸಿದರು. ಪ್ಲಾಸ್ಟಿಕ್ ಸಿರಿಂಜನ್ನು ಗಾಜಿನದರಂತೆ ಕುದಿಸಿ ಬಳಸಲೂ ಬಾರದು. ಅಂದರೆ ಬಿಸಾಡುವ ಸಿರಿಂಜನ್ನು ಬಿಸಾಡದೆ ಇಟ್ಟುಕೊಂಡರೆ ಅದು ಗಾಜಿನ ಸಿರಿಂಜಿಗಿಂತಲೂ ಅಪಾಯ! 2009ರಲ್ಲಿ ಗುಜರಾತಿನ ಮೊಡಾಸಾ ಎಂಬ ಊರಿನ ಸುತ್ತಮುತ್ತ ಹೆಪಟೈಟಿಸ್ ಬಿ ಹರಡಿ ಅನೇಕರು ಪ್ರಾಣ ಕಳೆದುಕೊಂಡರು. ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದು ತನಿಖೆಯಲ್ಲಿ ಗೊತ್ತಾಯಿತು.

ಇದಕ್ಕೆ ವಿಜ್ಞಾನಿಗಳು ಒಂದು ಜಾಣ ಉಪಾಯ ಕಂಡುಕೊಂಡರು. ಒಂದು ಸಲ ಪೂರ್ತಿ ಒತ್ತಿದ ಮೇಲೆ ಸಿರಿಂಜಿನ ದಂಡ ಒಳಗೇ ಸಿಕ್ಕಿಕೊಳ್ಳುವಂತೆ ಮಾಡಿದರು. ಮತ್ತೆ ಎಳೆದರೆ ಬಾರದು. ಬಲವಂತ ಮಾಡಿದರೆ ಮುರಿಯುತ್ತದೆ. ಇದನ್ನು ‘ತಾನೇ ನಿಷ್ಕ್ರಿಯವಾಗುವ ಸಿರಿಂಜು’ ಎನ್ನಬಹುದು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ 2005ರಿಂದ ಇವನ್ನು ಬಳಕೆಗೆ ತಂದರು. ನಿಮಗೆ ಲಸಿಕೆ ಹಾಕುವುದು ಇಂಥ ಸಿರಿಂಜಿನಿಂದಲೇ. ಮನುಷ್ಯ ಮರೆತರೂ, ಆಸೆಪಟ್ಟರೂ, ಸಿರಿಂಜು ಮಾತ್ರ ಎರಡನೆಯ ಸಲಕ್ಕೆ ಒಪ್ಪುವುದಿಲ್ಲ!

ಈಗ ಲೆಕ್ಕ ಮಾಡೋಣ

ಸೀಸದಕಡ್ಡಿ ತೆಗೆದುಕೊಳ್ಳಿ. ಇಲ್ಲಿರುವ ಬೆಲೆಗಳು ಲೆಕ್ಕಕ್ಕಾಗಿ ನಾವು ಇಟ್ಟುಕೊಂಡವು, ಅಂಗಡಿಯ ಬೆಲೆಗಳಲ್ಲ.

ಒಂದು ಒಳ್ಳೆಯ ಸ್ಟೀಲ್ ಕತ್ತರಿಗೆ 800 ರೂಪಾಯಿ. ಅದನ್ನು 400 ಸಲ ಬಳಸಬಹುದು. ಹಾಗಾದರೆ ಒಂದು ಸಲಕ್ಕೆ 2 ರೂಪಾಯಿ. ಬಲು ಅಗ್ಗ! ಆದರೆ ನಿಲ್ಲಿ. ಪ್ರತಿ ಸಲ ತೊಳೆಯುವ ನೀರು, ಸೋಪು, ವಿದ್ಯುತ್ತು, ಸುತ್ತುವ ಬಟ್ಟೆ, ಸಿಬ್ಬಂದಿಯ ಸಂಬಳ ಎಲ್ಲ ಸೇರಿ 18 ರೂಪಾಯಿ. ಒಟ್ಟು 20 ರೂಪಾಯಿ. ಬಿಸಾಡುವ ಕತ್ತರಿಗೆ 60 ರೂಪಾಯಿ, ಅದರ ಕಸ ವಿಲೇವಾರಿಗೆ 4 ರೂಪಾಯಿ. ಒಟ್ಟು 64. ಸಾವಿರ ಶಸ್ತ್ರಕ್ರಿಯೆಗೆ ಲೆಕ್ಕ ಹಾಕಿದರೆ 20,000 ಒಂದು ಕಡೆ, 64,000 ಇನ್ನೊಂದು ಕಡೆ. ಸ್ಟೀಲ್ ಕತ್ತರಿಯೇ ಗೆದ್ದಿತು.

ಈಗ ಸಿರಿಂಜು. ಗಾಜಿನದು 100 ರೂಪಾಯಿ, 50 ಸಲ ಬಾಳಿಕೆ; ಒಂದು ಸಲಕ್ಕೆ 2 ರೂಪಾಯಿ. ತೊಳೆದು ಆವಿಯಲ್ಲಿಡಲು 10 ರೂಪಾಯಿ. ಒಟ್ಟು 12. ಪ್ಲಾಸ್ಟಿಕ್ ಸಿರಿಂಜು 5 ರೂಪಾಯಿ, ವಿಲೇವಾರಿ 1 ರೂಪಾಯಿ. ಒಟ್ಟು 6. ಇಲ್ಲಿ ಬಿಸಾಡುವುದೇ ಗೆದ್ದಿತು.

ಇಷ್ಟಕ್ಕೇ ಲೆಕ್ಕ ಮುಗಿಯಲಿಲ್ಲ. ಸ್ಟೀಲ್ ಕತ್ತರಿಯನ್ನು ತೊಳೆಯುವಾಗ ತಪ್ಪಾಗಿ ರೋಗಿಗೆ ಸೋಂಕು ತಗಲಿದರೆ ಚಿಕಿತ್ಸೆಗೆ 50,000 ರೂಪಾಯಿ ಬೇಕೆಂದು ಇಟ್ಟುಕೊಳ್ಳಿ. ಸಾವಿರ ಸಲಕ್ಕೆ ಒಂದು ಸಲ ಇಂಥ ತಪ್ಪಾದರೆ ಪ್ರತಿ ಬಳಕೆಗೆ 50 ರೂಪಾಯಿ ಸೇರಿಸಬೇಕು. ಆಗ 20 ಇದ್ದದ್ದು 70 ಆಯಿತು. ಬಿಸಾಡುವ ಕತ್ತರಿಯ 64ನ್ನು ದಾಟಿಬಿಟ್ಟಿತು! ಆದರೆ ಸಿಬ್ಬಂದಿ ಎಚ್ಚರದಿಂದಿದ್ದು ಒಂದು ಲಕ್ಷ ಸಲಕ್ಕೆ ಒಂದು ತಪ್ಪು ಎಂದಾದರೆ ಸೇರಿಸಬೇಕಾದ್ದು 50 ಪೈಸೆ ಮಾತ್ರ. ಆಗ ಸ್ಟೀಲ್ ಕತ್ತರಿಯ ಖರ್ಚು 20 ರೂಪಾಯಿ 50 ಪೈಸೆ.

ಏನು ಗೊತ್ತಾಯಿತು? ಕತ್ತರಿ ಅದೇ, ಬೆಲೆ ಅದೇ. ಅದು ಅಗ್ಗವೋ ದುಬಾರಿಯೋ ಎನ್ನುವುದನ್ನು ತೊಳೆಯುವವರ ಎಚ್ಚರವೇ ತೀರ್ಮಾನಿಸುತ್ತದೆ. ಇನ್ನು ರೋಗಿಯ ನೋವನ್ನು, ಅವನ ಮನೆಯವರ ಕಣ್ಣೀರನ್ನು ಯಾವ ರೂಪಾಯಿಯಲ್ಲಿ ಅಳೆಯುವುದು? ಅದು ಈ ಲೆಕ್ಕದಲ್ಲಿ ಬಂದೇ ಇಲ್ಲ.

ಬ್ರಿಟನ್ ಕಲಿತ ಪಾಠ

‘ಹಣ ಹೋದರೆ ಹೋಗಲಿ, ಎಲ್ಲವನ್ನೂ ಬಿಸಾಡೋಣ. ಸುರಕ್ಷತೆ ಮುಖ್ಯ’ ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಬ್ರಿಟನ್ನಿನಲ್ಲಿಯೂ ಹೀಗೆಯೇ ಯೋಚಿಸಿದ್ದರು.

1986ರಲ್ಲಿ ಅಲ್ಲಿನ ಹಸುಗಳಲ್ಲಿ ಮಿದುಳಿನ ಒಂದು ರೋಗ ಕಾಣಿಸಿಕೊಂಡಿತು. ಜನ ಅದನ್ನು ‘ಹುಚ್ಚು ಹಸು ರೋಗ’ ಎಂದರು. ರೋಗದ ಹಸುಗಳ ಮಾಂಸದ ಪದಾರ್ಥಗಳನ್ನು ತಿಂದ ಕೆಲವು ಮನುಷ್ಯರಿಗೂ ಮಾರಕವಾದ ಮಿದುಳಿನ ರೋಗ ಬಂದಿರಬಹುದೆಂದು 1996ರಲ್ಲಿ ಅಲ್ಲಿನ ಸರ್ಕಾರ ಪ್ರಕಟಿಸಿತು. ಈ ರೋಗ ತರುವುದು ಬ್ಯಾಕ್ಟೀರಿಯವೂ ಅಲ್ಲ, ವೈರಸ್ಸೂ ಅಲ್ಲ. ‘ಪ್ರಯಾನ್’ ಎಂಬ, ಆಕಾರ ಕೆಟ್ಟ ಒಂದು ಬಗೆಯ ಪ್ರೋಟೀನು. ಅದಕ್ಕೆ ಜೀವವೇ ಇಲ್ಲ. ಆದ್ದರಿಂದ ಆಟೋಕ್ಲೇವ್‌ನ ಎಂದಿನ ಬಿಸಿಗೆ ಅದು ಪೂರ್ತಿ ನಾಶವಾಗುವುದಿಲ್ಲ!

ರೋಗಿಗಳ ಗಂಟಲಿನ ಟಾನ್ಸಿಲ್‌ನಲ್ಲಿಯೂ (ಗಲಗ್ರಂಥಿ) ಈ ಪ್ರೋಟೀನು ಕಂಡುಬಂದಿತ್ತು. ಟಾನ್ಸಿಲ್ ಶಸ್ತ್ರಕ್ರಿಯೆ ಹೆಚ್ಚಾಗಿ ನಿಮ್ಮಂಥ ಮಕ್ಕಳಿಗೇ ನಡೆಯುವುದು. ಉಪಕರಣದ ಮೂಲಕ ಒಬ್ಬರಿಂದ ಒಬ್ಬರಿಗೆ ರೋಗ ಹೋದರೆ? ಹೋಗಿದೆ ಎಂಬುದಕ್ಕೆ ಒಂದೂ ಉದಾಹರಣೆ ಇರಲಿಲ್ಲ. ಆದರೂ ಹೋಗಬಹುದೇನೋ ಎಂಬ ಭಯ. 2001ರ ಜನವರಿಯಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆ, ಟಾನ್ಸಿಲ್ ಶಸ್ತ್ರಕ್ರಿಯೆಗೆ ಒಂದೇ ಸಲ ಬಳಸುವ ಉಪಕರಣಗಳನ್ನೇ ಬಳಸಬೇಕು ಎಂದು ತಿಳಿಸಿ, ಅದಕ್ಕಾಗಿ 2 ಕೋಟಿ 50 ಲಕ್ಷ ಪೌಂಡ್ ಹಣ ತೆಗೆದಿಟ್ಟಿತು.

ಆಮೇಲೆ ಏನಾಯಿತು? ಹೊಸ ಉಪಕರಣಗಳು ಕೈಗೆ ಒಗ್ಗುತ್ತಿಲ್ಲ, ಗುಣಮಟ್ಟ ಹಳೆಯದರಷ್ಟಿಲ್ಲ ಎಂದು ಶಸ್ತ್ರವೈದ್ಯರು ದೂರಿದರು. ಶಸ್ತ್ರಕ್ರಿಯೆಯ ಅನಂತರ ಮಕ್ಕಳಿಗೆ ರಕ್ತಸ್ರಾವ ಹೆಚ್ಚಾಗುತ್ತಿದೆ ಎಂಬ ವರದಿಗಳು ಬಂದವು. ಆಗಬಹುದೇನೋ ಎಂಬ ಒಂದು ಅಪಾಯವನ್ನು ತಪ್ಪಿಸಲು ಹೋಗಿ, ಕಣ್ಣೆದುರಿಗೇ ಇನ್ನೊಂದು ಅಪಾಯ ಬಂದಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ತನ್ನ ನಿರ್ಧಾರ ಬದಲಿಸಿ, ತೊಳೆದು ಬಳಸುವ ಸ್ಟೀಲ್ ಉಪಕರಣಗಳಿಗೆ ಮತ್ತೆ ಅವಕಾಶ ಕೊಟ್ಟಿತು.

ವಿಜ್ಞಾನದ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. 2003 ಮತ್ತು 2004ರಲ್ಲಿ 33,000ಕ್ಕೂ ಹೆಚ್ಚು ಟಾನ್ಸಿಲ್ ಶಸ್ತ್ರಕ್ರಿಯೆಗಳ ವಿವರಗಳನ್ನು ಕಲೆಹಾಕಿ ನೋಡಿದರು. ವಿದ್ಯುತ್ತಿನ ಶಾಖದಿಂದ ಸುಟ್ಟು ಕತ್ತರಿಸುವ ವಿಧಾನಗಳಲ್ಲಿ, ಸಾಮಾನ್ಯ ಸ್ಟೀಲ್ ಉಪಕರಣದಿಂದ ಕತ್ತರಿಸುವ ವಿಧಾನಕ್ಕಿಂತ ರಕ್ತಸ್ರಾವ ಹೆಚ್ಚು ಎಂದು ತಿಳಿಯಿತು. ಅಂದರೆ ‘ಬಿಸಾಡುವುದೋ ತೊಳೆಯುವುದೋ’ ಎಂಬುದೊಂದೇ ಪ್ರಶ್ನೆಯಲ್ಲ. ಉಪಕರಣ ಎಂಥದು, ಅದನ್ನು ಬಳಸುವ ವಿಧಾನ ಯಾವುದು ಎಂಬುದೂ ಅಷ್ಟೇ ಮುಖ್ಯ.

ಕಸ ಎಲ್ಲಿಗೆ ಹೋಗುತ್ತದೆ?

ಬಿಸಾಡುವುದು ಎಂದರೆ ಎಲ್ಲಿಗೆ? ಭೂಮಿಯ ಮೇಲೆಯೇ ಅಲ್ಲವೆ! ಆಸ್ಪತ್ರೆಯ ಕಸವನ್ನು ಬೇರ್ಪಡಿಸಲು ನಮ್ಮ ದೇಶದಲ್ಲಿ ನಿಯಮಗಳಿವೆ. 2016ರ ನಿಯಮದಂತೆ ಸೂಜಿ, ಬ್ಲೇಡುಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಸೂಜಿ ಕತ್ತರಿಸಿದ ಪ್ಲಾಸ್ಟಿಕ್ ಸಿರಿಂಜು, ಕೊಳವೆಗಳು ಕೆಂಪು ಚೀಲಕ್ಕೆ. ರಕ್ತ ಹತ್ತಿದ ಹತ್ತಿ ಹಳದಿ ಚೀಲಕ್ಕೆ. ಗಾಜು ನೀಲಿ ಗುರುತಿನ ಪೆಟ್ಟಿಗೆಗೆ. ಕೆಂಪು ಚೀಲದ ಪ್ಲಾಸ್ಟಿಕ್ಕನ್ನು ರೋಗಾಣುರಹಿತ ಮಾಡಿ, ಚೂರು ಮಾಡಿ, ಬೇರೆ ವಸ್ತುಗಳ ತಯಾರಿಕೆಗೆ ಕಳಿಸುತ್ತಾರೆ. ಬಿಸಾಡುವ ಪ್ರತಿ ವಸ್ತುವಿಗೂ ಇಷ್ಟೆಲ್ಲ ಕೆಲಸವಿದೆ.

ತಮಿಳುನಾಡಿನ ಮಧುರೈಯಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆ ಇದೆ. 1976ರಲ್ಲಿ ಡಾಕ್ಟರ್ ಜಿ. ವೆಂಕಟಸ್ವಾಮಿ ಅವರು ಪ್ರಾರಂಭಿಸಿದ್ದು. ಅಲ್ಲಿ ಕಣ್ಣಿನ ಪೊರೆಯ ಶಸ್ತ್ರಕ್ರಿಯೆಗಳು ಬಹು ದೊಡ್ಡ ಸಂಖ್ಯೆಯಲ್ಲಿ ನಡೆಯುತ್ತವೆ. ಅವರು ಸ್ಟೀಲ್ ಉಪಕರಣಗಳ ಹಲವು ಜೊತೆಗಳನ್ನು ಇಟ್ಟುಕೊಂಡಿರುತ್ತಾರೆ. ಒಂದು ಜೊತೆ ಬಳಕೆಯಲ್ಲಿದ್ದಾಗ ಇನ್ನೊಂದು ಆವಿಯಲ್ಲಿರುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಅಲ್ಲಿ ಒಂದು ಪೊರೆ ಶಸ್ತ್ರಕ್ರಿಯೆಯಿಂದ ವಾತಾವರಣ ಸೇರುವ ಇಂಗಾಲದ ಅನಿಲಗಳ ಲೆಕ್ಕ ಸುಮಾರು 6 ಕಿಲೋಗ್ರಾಂ. ಬ್ರಿಟನ್ನಿನಲ್ಲಿ ಅದೇ ಶಸ್ತ್ರಕ್ರಿಯೆಗೆ ಇದರ ಸುಮಾರು ಇಪ್ಪತ್ತು ಪಟ್ಟು! ಹಾಗೆಂದು ಅರವಿಂದದಲ್ಲಿ ಕಣ್ಣಿನ ಸೋಂಕು ಹೆಚ್ಚೇನಲ್ಲ. ಶಿಸ್ತಿನಿಂದ ತೊಳೆದರೆ ಹಣವೂ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ, ಕಸವೂ ಕಡಿಮೆಯಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ತೀರ್ಮಾನ ಹೇಗೆ?

ಹಾಗಾದರೆ ಯಾವುದು ಸರಿ? ಎಲ್ಲಕ್ಕೂ ಒಂದೇ ಉತ್ತರವಿಲ್ಲ. ಪ್ರತಿ ಉಪಕರಣಕ್ಕೂ ಈ ಪ್ರಶ್ನೆಗಳನ್ನು ಕೇಳಬೇಕು.

1. ಇದು ದೇಹದ ಯಾವ ಭಾಗವನ್ನು ಮುಟ್ಟುತ್ತದೆ? ರಕ್ತದೊತ್ತಡ ನೋಡುವ ಪಟ್ಟಿ ಚರ್ಮವನ್ನಷ್ಟೇ ಮುಟ್ಟುತ್ತದೆ, ಒರೆಸಿದರೆ ಸಾಕು. ಗಾಯದೊಳಗೆ, ರಕ್ತದೊಳಗೆ ಹೋಗುವ ಉಪಕರಣ ಪೂರ್ತಿ ರೋಗಾಣುರಹಿತವಾಗಿರಲೇಬೇಕು.
2. ಇದರ ಒಳಗೂ ಹೊರಗೂ ತೊಳೆಯಲು ಸಾಧ್ಯವೆ?
3. ಇದು ಆವಿಯ ಬಿಸಿಯನ್ನು ತಡೆಯುತ್ತದೆಯೆ?
4. ತೊಳೆಯಲು ನೀರು, ವಿದ್ಯುತ್ತು, ತರಬೇತಿ ಪಡೆದ ಸಿಬ್ಬಂದಿ ಇದ್ದಾರೆಯೆ? ಇಲ್ಲದ ಕಡೆ ಒಂದೇ ಸಲ ಬಳಸುವುದು ಮೇಲು.
5. ಇದು ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತದೆಯೆ?
6. ಬಿಸಾಡಿದ ಮೇಲೆ ಇದನ್ನು ಸುರಕ್ಷಿತವಾಗಿ ವಿಲೇವಾರಿ ಮಾಡುವ ವ್ಯವಸ್ಥೆ ಇದೆಯೆ?

ಕೆಲವೊಮ್ಮೆ ಎರಡನ್ನೂ ಸೇರಿಸಬಹುದು. ಕ್ಷೌರದ ಅಂಗಡಿಯಲ್ಲಿ ನೋಡಿ. ಕತ್ತಿಯ ಹಿಡಿ ಹಳೆಯದೇ. ಆದರೆ ಪ್ರತಿಯೊಬ್ಬರಿಗೂ ಹೊಸ ಬ್ಲೇಡಿನ ತುಂಡು ಹಾಕುತ್ತಾರೆ. ಶಸ್ತ್ರವೈದ್ಯರ ಚಾಕುವೂ ಹೀಗೆಯೇ. ಹಿಡಿಯನ್ನು ತೊಳೆದು ಆವಿಯಲ್ಲಿಡುತ್ತಾರೆ, ಬ್ಲೇಡನ್ನು ಬಿಸಾಡುತ್ತಾರೆ. ಗಟ್ಟಿ ಭಾಗ ಉಳಿಯಿತು, ಮೊಂಡಾಗುವ ಭಾಗ ಹೋಯಿತು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದು ಸ್ಟೀಲ್ ಚಮಚ, ಮುಗಿದ ಬಾಲ್‌ಪೆನ್ನಿನ ಪಾರದರ್ಶಕ ಹೊರಕೊಳವೆ, ಸ್ವಲ್ಪ ರಾಗಿ ಗಂಜಿ.

ಚಮಚವನ್ನು ಗಂಜಿಯಲ್ಲಿ ಅದ್ದಿ. ಕೊಳವೆಯೊಳಗೂ ಗಂಜಿ ಹರಿಯುವಂತೆ ಮಾಡಿ. ಎರಡನ್ನೂ ಒಂದು ರಾತ್ರಿ ಒಣಗಲು ಬಿಡಿ. ಮಾರನೆಯ ದಿನ ಎರಡನ್ನೂ ಸೋಪು ನೀರಿನಲ್ಲಿ ಒಂದೊಂದು ನಿಮಿಷ ತೊಳೆಯಿರಿ. ಈಗ ಬೆಳಕಿಗೆ ಹಿಡಿದು ನೋಡಿ. ಯಾವುದು ಶುಭ್ರವಾಗಿದೆ? ಯಾವುದರಲ್ಲಿ ಗಂಜಿ ಉಳಿದಿದೆ? ಪೆನ್ನಿನ ಕೊಳವೆಯಲ್ಲೇ ಹೀಗಾದರೆ, ಅದಕ್ಕಿಂತ ಎಷ್ಟೋ ಪಾಲು ಕಿರಿದಾದ ಸೂಜಿಯೊಳಗೆ ಏನಾಗಬಹುದೆಂದು ಯೋಚಿಸಿ. ಇನ್ನೊಂದು ಸಲ, ಗಂಜಿ ಒಣಗುವ ಮೊದಲೇ ತೊಳೆದು ನೋಡಿ. ವ್ಯತ್ಯಾಸವನ್ನು ಪುಸ್ತಕದಲ್ಲಿ ಬರೆದಿಡಿ.

ಎಚ್ಚರಿಕೆ: ದಾರಿಯಲ್ಲಿ, ಆಸ್ಪತ್ರೆಯ ಹಿಂಭಾಗದಲ್ಲಿ, ಕಸದ ರಾಶಿಯಲ್ಲಿ ಸಿರಿಂಜು ಅಥವಾ ಸೂಜಿ ಕಂಡರೆ ಮುಟ್ಟಬೇಡಿ. ನೀರು ಚಿಮ್ಮಿಸುವ ಆಟಕ್ಕೆ ಎತ್ತಿಕೊಳ್ಳಲೇಬೇಡಿ. ಕೂಡಲೇ ದೊಡ್ಡವರಿಗೆ ತಿಳಿಸಿ. ಅಕಸ್ಮಾತ್ ಚುಚ್ಚಿಕೊಂಡರೆ ಸೋಪು ನೀರಿನಿಂದ ಚೆನ್ನಾಗಿ ತೊಳೆದು, ಮುಚ್ಚಿಡದೆ ಮನೆಯವರಿಗೂ ಶಿಕ್ಷಕರಿಗೂ ಹೇಳಿ. ಅಂದೇ ಡಾಕ್ಟರ ಬಳಿ ಹೋಗಿ. ನಿಮಗೆ ಚುಚ್ಚುಮದ್ದು ಹಾಕುವಾಗ ಹೊಸ ಪೊಟ್ಟಣ ತೆರೆದರೇ ಎಂದು ನೋಡುವುದು, ಕಾಣದಿದ್ದರೆ ವಿನಯದಿಂದ ಕೇಳುವುದು ನಿಮ್ಮ ಹಕ್ಕು.